ಹುಣಿಯಿಲ್ಲದ ಗದ್ದೆಗಳು

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬ ಅಂಬಲಪಾಡಿಯ ನಮ್ಮ ಮನೆಗೆ ಬಂದಿದ್ದ. ಎಪ್ಪತ್ತರ ದಶಕದಲ್ಲಿ ನನ್ನ ತರಗತಿಯಲ್ಲಿ ಗಣಿತ ಕಲಿತು, ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿ, 1983ರಲ್ಲಿ ಹೆಚ್ಚಿನ ವಿದ್ಯಾಭ್ಯಾಸಕ್ಕೆಂದು ಅಮೆರಿಕಕ್ಕೆ ಹೋದವನು. ಈಗ ಅವನೂ ನನ್ನಂತೆಯೇ ನಿವೃತ್ತ. ಕುಶಲೋಪರಿಯ ಮಾತುಗಳು ಮುಗಿದ ಮೇಲೆ ನಾನು ಎದ್ದು ಹೋಗಿ, ಕಪಾಟಿನ ಕೆಳಗಿನ ಅರೆಯಿಂದ ಒಂದು ಮಡಿಕೆ ಕಾಗದವನ್ನು ತಂದು ಅವನ ಮುಂದಿಟ್ಟೆ. ಎರಡೂ ಅಂಚುಗಳಲ್ಲಿ ಸಾಲು ತೂತುಗಳು, ನಡುವೆ ತೆಳುಹಸಿರು ಪಟ್ಟಿಗಳು, ಅವುಗಳ ಮೇಲೆ ಮಾಸಿದ ಅಂಕಿಗಳು. ನೋಡಿದವನೇ, "ಮಾಷ್ಟ್ರೇ, ಇದನ್ನು ಇನ್ನೂ ಇಟ್ಟುಕೊಂಡಿದ್ದೀರಾ!" ಎಂದ.

ಅದನ್ನು ಅವನು ನನಗೆ ಕೊಟ್ಟದ್ದು 1987ರಲ್ಲಿ, ಮೊದಲ ಬಾರಿಗೆ ರಜೆಯಲ್ಲಿ ಊರಿಗೆ ಬಂದಾಗ. ಅಲ್ಲಿಯ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಲ್ಲಿ ಓದಿನ ಜತೆಗೇ ಅರೆಕಾಲಿಕ ಸಹಾಯಕನಾಗಿ ದುಡಿಯುತ್ತಿದ್ದ. ಆ ಕಾಗದ ಅವನ ಕೆಲಸದ ಒಂದು ನಕ್ಷೆ. ಎಡಬದಿಗೆ ಬಳಕೆದಾರರ ಹೆಸರುಗಳು, ಅದರ ಪಕ್ಕದಲ್ಲಿ ಪ್ರಾರಂಭದ ಸಂಖ್ಯೆ, ಕೊನೆಯ ಸಂಖ್ಯೆ, ಒಟ್ಟು ವಿಸ್ತಾರ. ನಡುನಡುವೆ "ಖಾಲಿ" ಎಂಬರ್ಥದ ಸಾಲುಗಳು. ನಾನು ಅದನ್ನು ನೋಡಿ, "ಇದು ನಮ್ಮ ಶ್ಯಾನುಭಾಗರ ಅಡಂಗಲ್ ಅಲ್ಲವೇ ಮಾರಾಯ?" ಎಂದಿದ್ದೆ. ಅವನು ನಕ್ಕು, "ಹೌದು ಮಾಷ್ಟ್ರೇ, ಅದೇ. ಆದರೆ ಇಲ್ಲಿ ಗದ್ದೆಗೆ ಹುಣಿ ಇಲ್ಲ" ಎಂದಿದ್ದ. ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಅನಂತರ. ಅದನ್ನೇ ಇಂದು ಓದುಗರ ಮುಂದಿಡುತ್ತಿದ್ದೇನೆ.

ಈಗಿನ ಮಕ್ಕಳಿಗೆ ಕಂಪ್ಯೂಟರು ಎಂದರೆ ಅಂಗೈಯಲ್ಲಿರುವ ವಸ್ತು. ಅಂದಿನ ಮೈನ್‌ಫ್ರೇಮ್ ಯಂತ್ರವಾದರೋ ಒಂದು ಕೋಣೆಯನ್ನು ತುಂಬುವಂಥದ್ದು. ಇಡೀ ಸಂಸ್ಥೆಗೆ ಒಂದೇ. ಅದರ ಬೆಲೆಯನ್ನು ಯಾವ ಒಬ್ಬ ಪ್ರಾಧ್ಯಾಪಕನೂ ಭರಿಸುವಂತಿರಲಿಲ್ಲ. ಆದ್ದರಿಂದ ನೂರಾರು ಜನ ಅದನ್ನು ಹಂಚಿಕೊಳ್ಳಬೇಕಾಗಿತ್ತು. ಯಂತ್ರದ ಸಮಯವನ್ನು ಹಂಚುವುದು ಒಂದು ಸಮಸ್ಯೆ. ಬರೆದದ್ದನ್ನು ಉಳಿಸಿಡುವ ಜಾಗವನ್ನು ಹಂಚುವುದು ಇನ್ನೊಂದು, ಬಹುಶಃ ಹೆಚ್ಚು ತೊಡಕಿನ ಸಮಸ್ಯೆ. ಸಮಯವು ಕಳೆದ ಕ್ಷಣಕ್ಕೇ ಮುಗಿಯುತ್ತದೆ. ಜಾಗವಾದರೋ ಒಮ್ಮೆ ಕೊಟ್ಟರೆ ವರ್ಷಗಟ್ಟಲೆ ಒಬ್ಬನ ಸ್ವಾಧೀನದಲ್ಲಿ ಉಳಿಯುತ್ತದೆ.

ತಿರುಗುವ ತಟ್ಟೆಗಳ ಮೇಲೆ ಕಾಂತೀಯವಾಗಿ ಮಾಹಿತಿಯನ್ನು ಬರೆದಿಡುವ ಡಿಸ್ಕನ್ನು ಐಬಿಎಂ ಕಂಪೆನಿ 1956ರಲ್ಲಿ ಮಾರುಕಟ್ಟೆಗೆ ತಂದಿತು. ‘ರಾಮ್ಯಾಕ್’ ಎಂಬ ಆ ಯಂತ್ರದಲ್ಲಿ ಎರಡೆರಡು ಅಡಿ ವ್ಯಾಸದ 50 ತಟ್ಟೆಗಳು; ಎಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಒಂದು ಸಣ್ಣ ಗ್ರಂಥಭಂಡಾರದ ಒಂದು ಕಪಾಟಿನಷ್ಟು ಎನ್ನಬಹುದು. ಮುಂದಿನ ಎರಡು ದಶಕಗಳಲ್ಲಿ ಸಾಮರ್ಥ್ಯ ಬೆಳೆಯುತ್ತ ಹೋಗಿ, 1975ರ ‘3350’ ಎಂಬ ಮಾದರಿಯಲ್ಲಿ ಒಂದು ಡಿಸ್ಕು ಸುಮಾರು 31 ಕೋಟಿ ಅಕ್ಷರಗಳನ್ನು ಹಿಡಿಸುವಂತಾಯಿತು. ನನ್ನ ಶಿಷ್ಯ ನೋಡಿಕೊಳ್ಳುತ್ತಿದ್ದುದು ಇದೇ ಮಾದರಿಯ ಡಿಸ್ಕುಗಳನ್ನು. ಅದರ ಅಳತೆಯ ಮಾನಕ್ಕೆ ‘ಸಿಲಿಂಡರ್’ ಎಂದು ಹೆಸರು. ಒಂದರ ಮೇಲೊಂದು ಜೋಡಿಸಿದ ತಟ್ಟೆಗಳಲ್ಲಿ, ಓದುವ ಕೈಗಳನ್ನು ಒಂದೇ ಕಡೆ ನಿಲ್ಲಿಸಿದಾಗ ಎಟಕುವ ವೃತ್ತಗಳೆಲ್ಲ ಸೇರಿ ಒಂದು ಸಿಲಿಂಡರು. 3350ರಲ್ಲಿ ಸೊನ್ನೆಯಿಂದ 554ರವರೆಗೆ ಒಟ್ಟು 555 ಸಿಲಿಂಡರುಗಳು. ಇದೇ ಬೈಲು, ಇದನ್ನು ಒಕ್ಕಲುಗಳಿಗೆ ಹಂಚಬೇಕು.

ಹಂಚುವ ಒಂದು ವಿಶಿಷ್ಟ ಕ್ರಮ ಹುಟ್ಟಿದ್ದು ಅಮೆರಿಕದ ಕೇಂಬ್ರಿಜ್ ನಗರದಲ್ಲಿ. 1964ರಲ್ಲಿ ಐಬಿಎಂ ಅಲ್ಲೊಂದು ವೈಜ್ಞಾನಿಕ ಕೇಂದ್ರವನ್ನು ತೆರೆಯಿತು. ನಾರ್ಮನ್ ರಾಸ್ಮುಸೆನ್ ಅದರ ಮುಖ್ಯಸ್ಥ. ರಾಬರ್ಟ್ ಕ್ರೀಸಿ ಎಂಬ ಇಂಜಿನಿಯರನ ಮುಂದಾಳುತನದಲ್ಲಿ ಅಲ್ಲಿನ ತಂಡ ‘ಸಿಪಿ-40’ ಎಂಬ ವ್ಯವಸ್ಥೆಯನ್ನು ಕಟ್ಟಿತು. 1967ರ ಪ್ರಾರಂಭಕ್ಕೆ ಅದು ಬಳಕೆಗೆ ಬಂತು. ಅವರ ಯೋಚನೆ ಸರಳ, ಆದರೆ ಧೈರ್ಯದ್ದು. ಒಂದು ಯಂತ್ರವನ್ನು ಹಲವರಿಗೆ ಹಂಚುವ ಬದಲು, ಪ್ರತಿಯೊಬ್ಬನಿಗೂ ಒಂದು ಇಡೀ ಯಂತ್ರವೇ ತನಗಿದೆ ಎಂಬಂತೆ ತೋರಿಸಿದರೆ ಹೇಗೆ? ಹೀಗೆ ತೋರುವ ಯಂತ್ರವನ್ನು ವರ್ಚುವಲ್ ಮಷೀನ್, ಅಂದರೆ ಭಾಸಯಂತ್ರ ಎನ್ನಬಹುದು. ಸಿಪಿ-40 ಇಂಥ 14 ಭಾಸಯಂತ್ರಗಳನ್ನು ಏಕಕಾಲಕ್ಕೆ ನಡೆಸುತ್ತಿತ್ತು. ಅದರ ಮಗ ಸಿಪಿ-67. ಮೊಮ್ಮಗ 1972ರ ಆಗಸ್ಟ್ 2ರಂದು ಪ್ರಕಟವಾದ ವಿಎಂ/370. ಮುಂದೆ ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬಳಕೆಗೆ ಬಂದದ್ದು ಇದರ ಪೀಳಿಗೆಯೇ.

ಪ್ರತಿಯೊಬ್ಬನಿಗೂ ಒಂದು ಯಂತ್ರವೆಂದ ಮೇಲೆ ಪ್ರತಿಯೊಬ್ಬನಿಗೂ ಒಂದು ಡಿಸ್ಕೂ ಬೇಡವೇ? ಸಾವಿರ ಜನರಿಗೆ ಸಾವಿರ ಡಿಸ್ಕುಗಳನ್ನು ಕೊಳ್ಳುವುದು ಅಸಾಧ್ಯ. ಆದ್ದರಿಂದ ಒಂದು ನಿಜವಾದ ಡಿಸ್ಕನ್ನು ಸಿಲಿಂಡರುಗಳ ಲೆಕ್ಕದಲ್ಲಿ ತುಂಡುಮಾಡಿ, ಒಂದೊಂದು ತುಂಡನ್ನೂ ಒಂದು ಪೂರ್ಣ ಡಿಸ್ಕೆಂಬಂತೆ ಬಳಕೆದಾರನಿಗೆ ತೋರಿಸಿದರು. ಈ ತುಂಡಿಗೆ ‘ಮಿನಿಡಿಸ್ಕ್’ ಎಂದು ಹೆಸರು. ಒಬ್ಬನಿಗೆ 281ರಿಂದ 300ರವರೆಗಿನ 20 ಸಿಲಿಂಡರುಗಳನ್ನು ಕೊಟ್ಟಿದ್ದರೂ, ಅವನ ಕಣ್ಣಿಗೆ ಅದು ಸೊನ್ನೆಯಿಂದ ಪ್ರಾರಂಭವಾಗಿ 19ಕ್ಕೆ ಮುಗಿಯುವ ಒಂದು ಚಿಕ್ಕ ಡಿಸ್ಕು. ಅವನು "ಐದನೆಯ ಸಿಲಿಂಡರಿನಲ್ಲಿ ಬರೆ" ಎಂದರೆ, ಒಳಗಿನ ನಿಯಂತ್ರಕ ಪ್ರೋಗ್ರಾಮು ಸದ್ದಿಲ್ಲದೆ 281ನ್ನು ಕೂಡಿಸಿ 286ರಲ್ಲಿ ಬರೆಯುತ್ತದೆ. ಇಪ್ಪತ್ತೆಂದರೆ ಇಲ್ಲವೆನ್ನುತ್ತದೆ. ತನ್ನ ಆಚೆಗೂ ಈಚೆಗೂ ಯಾರಿದ್ದಾರೆಂಬುದು ಅವನಿಗೆ ಗೊತ್ತೇ ಆಗುವುದಿಲ್ಲ. ಏಳನೆಯ ತರಗತಿಯ ಸಂಕಲನ ಇದು. ಆದರೆ ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆಯೇ.

ಹಾಗಾದರೆ ಯಾರಿಗೆ ಯಾವ ತುಂಡು ಎಂಬುದು ಎಲ್ಲಿ ಬರೆದಿರುತ್ತದೆ? ತಟ್ಟೆಯ ಮೇಲೆ ಗೆರೆಯಿಲ್ಲ, ಕಲ್ಲಿಲ್ಲ. ‘ಡೈರೆಕ್ಟರಿ’ ಎಂಬ ಒಂದು ಕಡತದಲ್ಲಿ ಮಾತ್ರ ಅದು ಇರುತ್ತದೆ. ಪ್ರತಿ ಬಳಕೆದಾರನಿಗೆ ಅಲ್ಲೊಂದು ದಾಖಲೆ: ಅವನ ಹೆಸರು, ಗುಪ್ತಪದ, ಯಂತ್ರದ ಗಾತ್ರ, ಅವನ ಒಂದೊಂದು ಮಿನಿಡಿಸ್ಕಿಗೂ ಒಂದೊಂದು ಸಾಲು. ಆ ಸಾಲಿನಲ್ಲಿ ಡಿಸ್ಕಿನ ಕ್ರಮಸಂಖ್ಯೆ (ಸಾಮಾನ್ಯವಾಗಿ ಎಲ್ಲರ ಸ್ವಂತ ಡಿಸ್ಕಿಗೂ 191), ಮಾದರಿ, ಪ್ರಾರಂಭದ ಸಿಲಿಂಡರು, ಎಷ್ಟು ಸಿಲಿಂಡರು, ಯಾವ ದೊಡ್ಡ ಡಿಸ್ಕಿನ ಮೇಲೆ ಎಂಬಷ್ಟು ವಿವರ. ಇಷ್ಟನ್ನು ಬರೆದು, ಒಂದು ಆದೇಶ ಕೊಟ್ಟು ಜಾರಿಮಾಡಿದರೆ ಮನುಷ್ಯನೊಬ್ಬನಿಗೆ ಯಂತ್ರ ಹುಟ್ಟಿತು, ಜಾಗ ಹುಟ್ಟಿತು. ಆ ಸಾಲನ್ನು ಅಳಿಸಿದರೆ ಎರಡೂ ಇಲ್ಲ.

ಇದನ್ನು ಕೇಳಿದಾಗ ನನಗೆ ನಮ್ಮ ಜಿಲ್ಲೆಯ ‘ವರ್ಗ’ ಎಂಬ ಶಬ್ದ ನೆನಪಾಯಿತು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಭೂಹಿಡುವಳಿಗೆ ವರ್ಗವೆಂದೂ ಅದರ ಒಡೆಯನಿಗೆ ವರ್ಗದಾರನೆಂದೂ ಹೇಳುವುದು ರೂಢಿ. ಆ ಶಬ್ದ ಬಂದದ್ದು ಹಾಳೆ ಎಂಬರ್ಥದ ಅರಬ್ಬಿ ಪದದಿಂದ. ಲೆಕ್ಕದ ಪುಸ್ತಕದಲ್ಲಿ ಒಬ್ಬೊಬ್ಬ ಒಡೆಯನಿಗೆ ಒಂದೊಂದು ಹಾಳೆ. ಕ್ರಮೇಣ ಹಾಳೆಯ ಹೆಸರೇ ಭೂಮಿಗೂ ಆಯಿತು. ಒಂದೇ ವರ್ಗದ ಗದ್ದೆಗಳು ಊರಿನ ಬೇರೆ ಬೇರೆ ಕಡೆ ಹರಡಿರುತ್ತಿದ್ದವು. ಅವನ್ನು ಒಂದುಗೂಡಿಸಿದ್ದು ಆ ಹಾಳೆ ಮಾತ್ರ. ಒಬ್ಬ ಬಳಕೆದಾರನ ಹಲವು ಮಿನಿಡಿಸ್ಕುಗಳು ಬೇರೆ ಬೇರೆ ದೊಡ್ಡ ಡಿಸ್ಕುಗಳ ಮೇಲಿದ್ದು, ಡೈರೆಕ್ಟರಿಯ ಒಂದೇ ದಾಖಲೆಯಲ್ಲಿ ಕೂಡಿಕೊಂಡಿರುವುದು ಇದರಂತೆಯೇ. ಆದರೆ ನಮ್ಮಲ್ಲಿ ಹಾಳೆ ತಪ್ಪಿದರೂ ಗದ್ದೆಯ ಅಂಚಿನಲ್ಲಿ ಹುಣಿಯಿತ್ತು, ಗಡಿಕಲ್ಲಿತ್ತು, "ಆ ತೆಂಗಿನಮರದಿಂದ ಈಚೆ ನಮ್ಮದು" ಎನ್ನುವ ಅಜ್ಜಿಯಿದ್ದಳು. ಡಿಸ್ಕಿನಲ್ಲಿ ಹಾಳೆಯೊಂದೇ ಸಾಕ್ಷಿ. ಶಿಷ್ಯ ಹೇಳಿದ್ದು ಇದನ್ನೇ.

ಹಂಚುವ ಕೆಲಸದ ಕೆಲವು ಸೂಕ್ಷ್ಮಗಳನ್ನೂ ಹೇಳಬೇಕು. ಎಲ್ಲರಿಗೂ ಬೇಕಾದ ಪ್ರೋಗ್ರಾಮುಗಳನ್ನು ಪ್ರತಿಯೊಬ್ಬನ ಡಿಸ್ಕಿನಲ್ಲೂ ಇಡುವುದು ವ್ಯರ್ಥ. ಅದಕ್ಕಾಗಿ 190 ಎಂಬ ಸಂಖ್ಯೆಯ ಒಂದು ಸಾಮಾನ್ಯ ಡಿಸ್ಕನ್ನು ಎಲ್ಲರೂ ಓದಬಹುದು, ಯಾರೂ ಬರೆಯಲಾಗದು. ಊರ ಕೆರೆಯ ನೀರನ್ನು ಎಲ್ಲರೂ ಕೊಂಡೊಯ್ಯಬಹುದು, ಯಾರೂ ಕಲಕಬಾರದು ಎಂಬಂತೆ. ಒಬ್ಬನು ತನ್ನ ಡಿಸ್ಕನ್ನು ಮತ್ತೊಬ್ಬನಿಗೆ ಓದಲು ಬಿಡಬೇಕೆಂದರೆ ಅದಕ್ಕೊಂದು ಗುಪ್ತಪದ, ಬರೆಯಲು ಬಿಡಬೇಕೆಂದರೆ ಇನ್ನೊಂದು. ಇಬ್ಬರು ಏಕಕಾಲಕ್ಕೆ ಬರೆಯಲು ಅವಕಾಶ ಕೊಡುವ ಮೂರನೆಯದೂ ಉಂಟು. ಅದನ್ನು ತಿಳಿದವರು ಮುಟ್ಟುತ್ತಿರಲಿಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬನ ಯಂತ್ರ ಅರಿಯದೆ, ಇಬ್ಬರೂ ಸೇರಿ ಡಿಸ್ಕನ್ನೇ ಹಾಳುಮಾಡುವ ಅಪಾಯವಿತ್ತು.

ತಾತ್ಕಾಲಿಕ ಡಿಸ್ಕುಗಳೂ ಇದ್ದವು. ಒಂದು ದೊಡ್ಡ ಲೆಕ್ಕಕ್ಕೆ ಎರಡು ತಾಸು ಜಾಗ ಬೇಕೇ? ಸಾಮಾನ್ಯ ಬಯಲಿನಿಂದ ಹತ್ತು ಸಿಲಿಂಡರು ಪಡೆ, ಯಂತ್ರದಿಂದ ಹೊರಬೀಳುವಾಗ ಅದು ತಾನಾಗಿ ಹಿಂದಕ್ಕೆ ಹೋಗುತ್ತದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ ಮೇಳದವರು ಒಂದು ರಾತ್ರಿಗೆ ರಂಗಸ್ಥಳ ಹಾಕಿ ಬೆಳಗಾಗುವಾಗ ಬಿಚ್ಚಿಕೊಂಡು ಹೋಗುವಂತೆ. ಆದರೆ ಹೋದವರು ಜಾಗವನ್ನು ಗುಡಿಸಿ ಹೋಗದಿದ್ದರೆ? ಒಬ್ಬನು ಬಿಟ್ಟುಹೋದ ಸಿಲಿಂಡರುಗಳಲ್ಲಿ ಅವನ ಬರಹ ಹಾಗೆಯೇ ಇರುತ್ತದೆ; ಮುಂದೆ ಬಂದವನು ಬಯಸಿದರೆ ಅದನ್ನು ಓದಬಹುದು. ಅದನ್ನು ಅಳಿಸಿಯೇ ಮುಂದಿನವನಿಗೆ ಕೊಡಬೇಕೆಂಬ ಎಚ್ಚರ ಅಧಿಕಾರಿಗೆ ಇರಬೇಕಾಗಿತ್ತು. ಸಂಸ್ಥೆ ಬಿಟ್ಟವರ ಖಾತೆಗಳ ವಿಚಾರದಲ್ಲೂ ಇದೇ ಮಾತು.

ಇನ್ನೊಂದು ಕಷ್ಟವೆಂದರೆ ಮಿನಿಡಿಸ್ಕು ಅಖಂಡವಾಗಿರಬೇಕು. 40ರಿಂದ 44, ಮತ್ತೆ 90ರಿಂದ 94 ಎಂದು ಎರಡು ಕಡೆಯ ಜಾಗವನ್ನು ಸೇರಿಸಿ ಹತ್ತರ ಒಂದು ಡಿಸ್ಕು ಮಾಡುವಂತಿಲ್ಲ. ಐದು ಸಿಲಿಂಡರಿನವನು ಇನ್ನೈದು ಬೇಕೆಂದು ಬಂದರೆ, ಅವನ ಪಕ್ಕದಲ್ಲಿ ಖಾಲಿಯಿದ್ದರೆ ಮಾತ್ರ ಸುಲಭ. ಇಲ್ಲದಿದ್ದರೆ ಬೇರೆಡೆ ಹತ್ತರ ಖಾಲಿ ಜಾಗ ಹುಡುಕಿ, ಹೊಸದಾಗಿ ಸಿದ್ಧಪಡಿಸಿ, ಹಳೆಯದನ್ನೆಲ್ಲ ನಕಲುಮಾಡಿ, ಡೈರೆಕ್ಟರಿ ತಿದ್ದಿ, ಹಳೆಯ ಜಾಗವನ್ನು ಅಳಿಸಬೇಕು. ವರ್ಷಗಳು ಕಳೆದಂತೆ ಎರಡು ಮೂರು ಸಿಲಿಂಡರುಗಳ ಸಣ್ಣ ತುಂಡುಗಳು ಅಲ್ಲಲ್ಲಿ ಉಳಿದು, ಒಟ್ಟಿನಲ್ಲಿ ಜಾಗವಿದ್ದರೂ ಯಾರಿಗೂ ಕೊಡಲಾಗದ ಸ್ಥಿತಿ ಬರುತ್ತಿತ್ತು. ಪಾಲುಪಟ್ಟಿಯಾಗಿ ತುಂಡುತುಂಡಾದ ಗದ್ದೆಗಳನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟನ್ನೆಲ್ಲ ನೋಡಲು ನಮ್ಮ ಹುಡುಗ ಅಮೆರಿಕಕ್ಕೇ ಹೋಗಬೇಕಾಯಿತೇ ಎಂದು ಓದುಗರು ಕೇಳಬಹುದು. ಭಾರತದಲ್ಲಿ ದೊಡ್ಡ ಕಂಪ್ಯೂಟರುಗಳು ಇರಲಿಲ್ಲವೆಂದಲ್ಲ. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ 1964ರಲ್ಲಿ ಸಿಡಿಸಿ 3600, ಮದರಾಸಿನ ಐಐಟಿಗೆ 1973ರಲ್ಲಿ ಐಬಿಎಂ 370/155 ಬಂದಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಐಬಿಎಂ 360/44 ಇತ್ತು. ಆದರೆ 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯು ವಿದೇಶಿ ಕಂಪೆನಿಗಳ ಪಾಲು ಸಾಮಾನ್ಯವಾಗಿ ನೂರಕ್ಕೆ 40ನ್ನು ಮೀರಬಾರದೆಂದಿತು. ಐಬಿಎಂ ಇದಕ್ಕೆ ಒಪ್ಪಲಿಲ್ಲ. 1977ರಲ್ಲಿ ಅಧಿಕಾರಕ್ಕೆ ಬಂದ ಜನತಾ ಸರಕಾರದಲ್ಲಿ ಕೈಗಾರಿಕಾ ಸಚಿವರಾದವರು ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅವರು ಸಡಿಲಿಸಲಿಲ್ಲ. 1978ರಲ್ಲಿ ಐಬಿಎಂ ದೇಶ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳ ಪಾಲನೆಯನ್ನು ಸರಕಾರಿ ಸಂಸ್ಥೆಯಾದ ಸಿಎಂಸಿ ವಹಿಸಿಕೊಂಡಿತು. ಈ ನಿರ್ಧಾರ ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ಸ್ವದೇಶಿ ಕಂಪ್ಯೂಟರ್ ಉದ್ಯಮಕ್ಕೆ ಅದರಿಂದ ಅವಕಾಶ ಒದಗಿತೆಂಬುದೂ ನಿಜ. ಐಬಿಎಂನ ಹೊಸ ವ್ಯವಸ್ಥೆಗಳು ಹದಿನಾಲ್ಕು ವರ್ಷ ನಮ್ಮಿಂದ ದೂರವುಳಿದವೆಂಬುದೂ ನಿಜ. 1992ರಲ್ಲಿ ಟಾಟಾ ಸಂಸ್ಥೆಯ ಜತೆಗೂಡಿ ಐಬಿಎಂ ಮರಳಿ ಬಂತು, ಅದೂ ಬೆಂಗಳೂರಿಗೆ.

ಭಾರತೀಯ ವಿಜ್ಞಾನ ಸಂಸ್ಥೆಗೆ ಅನಂತರ ಬಂದದ್ದು ಡಿಇಸಿ-1090 ಎಂಬ ಬೇರೆ ಕಂಪೆನಿಯ ಯಂತ್ರ. ಈ ಡಿಇಸಿ-10 ಕುಟುಂಬದ ಯಂತ್ರಗಳಲ್ಲಿ ಜಾಗ ಹಂಚುವ ಪದ್ಧತಿಯೇ ಬೇರೆ. ಅಲ್ಲಿ ಯಾರಿಗೂ ಇಂಥದೇ ಗದ್ದೆಯೆಂದಿಲ್ಲ; ಎಲ್ಲರ ಭತ್ತವೂ ಒಂದೇ ಕಣಜದಲ್ಲಿ, ಒಬ್ಬೊಬ್ಬನಿಗೆ ಇಷ್ಟು ಮುಡಿ ಎಂಬ ಮಿತಿ. ಕೆಲಸಮಾಡುವಾಗ ಒಂದು ಮಿತಿ, ಎದ್ದುಹೋಗುವಾಗ ಉಳಿಸಿಡಲು ಇನ್ನೊಂದು, ಕಡಿಮೆ ಮಿತಿ. ಅದನ್ನು ಮೀರಿದ್ದರೆ ಕೆಲವು ಫೈಲುಗಳನ್ನು ಅಳಿಸಿಯೇ ಹೊರಡಬೇಕು. ಈ ಕ್ರಮದಲ್ಲಿ ಜಾಗ ತುಂಡಾಗಿ ವ್ಯರ್ಥವಾಗುವುದಿಲ್ಲ. ಗದ್ದೆಯ ಕ್ರಮದಲ್ಲಾದರೋ ನಿನ್ನದು ನಿನಗೇ ಮೀಸಲು. ನೆರೆಯವನು ಎಷ್ಟು ಬರೆದರೂ ನಿನ್ನ ಜಾಗ ಕಡಿಮೆಯಾಗದು. ಎರಡರಲ್ಲೂ ಗುಣವುಂಟು, ಎರಡರಲ್ಲೂ ದೋಷವುಂಟು. ಗದ್ದೆಯ ಕ್ರಮದ ದೋಷವೇನೆಂಬುದನ್ನು ನನ್ನ ಶಿಷ್ಯ ತನ್ನ ಕೈಯಿಂದಲೇ ಕಲಿತ.

1985ರ ಮಾತು. ರಸಾಯನಶಾಸ್ತ್ರದ ಸಂಶೋಧಕನೊಬ್ಬನಿಗೆ 281ರಿಂದ 20 ಸಿಲಿಂಡರು ಕೊಟ್ಟದ್ದು ಡೈರೆಕ್ಟರಿಯಲ್ಲಿತ್ತು, ಅಂದರೆ 300ರವರೆಗೆ. ಭಾಷಾಶಾಸ್ತ್ರ ವಿಭಾಗದ ಒಬ್ಬ ಸಂಶೋಧಕಿಗೆ ಹೊಸದಾಗಿ ಐದು ಸಿಲಿಂಡರು ಕೊಡಬೇಕು. ಇವನು 281ಕ್ಕೆ 20 ಕೂಡಿಸಿ 301 ಎಂದು ಬರೆಯುವ ಬದಲು, ಕೊನೆಯ ಸಂಖ್ಯೆಯಾದ 300ನ್ನೇ ಬರೆದ. ಎಣಿಕೆಯಲ್ಲಿ ಒಂದರ ತಪ್ಪು. ಬೇಲಿಗೆ ಎಷ್ಟು ಗೂಟ ಬೇಕೆಂಬ ಲೆಕ್ಕದಲ್ಲಿ ಪ್ರತಿ ವರ್ಷವೂ ಮಕ್ಕಳು ಮಾಡುತ್ತಿದ್ದ ಅದೇ ತಪ್ಪು. "ನೀವು ಅದಕ್ಕೆ ಒಂದು ಅಂಕ ಕಳೆಯುತ್ತಿದ್ದಿರಿ ಮಾಷ್ಟ್ರೇ" ಎಂದು ಅವನು ಹೇಳಿದ.

ಯಂತ್ರ ಆ ತಪ್ಪನ್ನು ತಡೆಯಲಿಲ್ಲವೇ? ಇಲ್ಲ. ಅತಿಕ್ರಮಣವೆಂಬುದು ಆ ವ್ಯವಸ್ಥೆಯಲ್ಲಿ ನಿಷಿದ್ಧವಾಗಿರಲಿಲ್ಲ. ಇಡೀ ಡಿಸ್ಕನ್ನು ಟೇಪಿಗೆ ನಕಲುಮಾಡಲು ಅಧಿಕಾರಿಗೆ ಸೊನ್ನೆಯಿಂದ ಕೊನೆಯವರೆಗಿನ ಒಂದು ಮಿನಿಡಿಸ್ಕು ಬೇಕಾಗುತ್ತದೆ. ಅದು ಎಲ್ಲರ ಜಾಗದ ಮೇಲೂ ಹಾದುಹೋಗುತ್ತದೆ. ಆದ್ದರಿಂದ ಬೇಕೆಂದು ಮಾಡಿದ ಅತಿಕ್ರಮಣವನ್ನೂ ಕೈತಪ್ಪಿ ಆದದ್ದನ್ನೂ ಯಂತ್ರ ಬೇರ್ಪಡಿಸಿ ನೋಡುತ್ತಿರಲಿಲ್ಲ. ಡೈರೆಕ್ಟರಿಯನ್ನು ಓದಿ, ಎಲ್ಲಿ ಖಾಲಿ, ಎಲ್ಲಿ ಒಂದರ ಮೇಲೊಂದು ಎಂದು ತೋರಿಸುವ ‘ಡಿಸ್ಕ್‌ಮ್ಯಾಪ್’ ಎಂಬ ಪ್ರೋಗ್ರಾಮು ಇತ್ತು. ತಿದ್ದುಪಡಿಯ ಬಳಿಕ ಅದನ್ನು ಓಡಿಸಿ ನೋಡುವುದು ಮನುಷ್ಯನ ಕೆಲಸ. ಆ ದಿನ ಇವನು ಅವಸರದಲ್ಲಿದ್ದ, ಓಡಿಸಲಿಲ್ಲ.

ಎರಡು ತಿಂಗಳು ಏನೂ ಆಗಲಿಲ್ಲ. ಸಂಶೋಧಕಿ ತನ್ನ ಡಿಸ್ಕಿನಲ್ಲಿ ಶಬ್ದಪಟ್ಟಿಗಳನ್ನು ತುಂಬುತ್ತ ಹೋದಳು. ರಸಾಯನಶಾಸ್ತ್ರದವನ ಡಿಸ್ಕಿನ ಕೊನೆಯ ಸಿಲಿಂಡರು ಇನ್ನೂ ಖಾಲಿಯಿದ್ದುದರಿಂದ ಅವನಿಗೆ ನಷ್ಟವಾಗಲಿಲ್ಲ. ಒಂದು ರಾತ್ರಿ ಅವನ ಲೆಕ್ಕಗಳು ಬೆಳೆದು ಡಿಸ್ಕಿನ ಅಂಚನ್ನು ಮುಟ್ಟಿದವು. 300ನೆಯ ಸಿಲಿಂಡರಿನಲ್ಲಿ ಅವನ ಅಂಕಿಗಳು ಬಿದ್ದವು. ಅವನು ಬರೆದದ್ದು ತನ್ನದೇ ಜಾಗದಲ್ಲಿ; ಅವನದೇನೂ ತಪ್ಪಿಲ್ಲ. ಆದರೆ ಅದೇ ಸಿಲಿಂಡರು ಅವಳ ಡಿಸ್ಕಿನ ಮೊದಲನೆಯದು. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಗೆ ದಾರಿತೋರುವ ಗುರುತುಗಳು ಇರುವುದು ಅಲ್ಲಿಯೇ. ಮರುದಿನ ಬೆಳಗ್ಗೆ ಅವಳು ಬಂದು ಕುಳಿತಾಗ ಅವಳ ಡಿಸ್ಕು ತೆರೆಯಲೇ ಇಲ್ಲ.

ಕೇಂದ್ರದವರು ಅವಳಿಗೆ, "ನೀವೇ ಕೈತಪ್ಪಿ ಅಳಿಸಿರಬೇಕು, ಹೊಸಬರು ಹಾಗೆ ಮಾಡುವುದುಂಟು" ಎಂದರು. ಅವಳು ಅದನ್ನು ನಂಬಿದಳು. ಯಂತ್ರದ ಮುಂದೆ ತಾನು ಅನನುಭವಿ ಎಂಬ ಅಳುಕು ಅವಳಿಗೆ ಮೊದಲೇ ಇತ್ತು. ಆ ರಾತ್ರಿ ಇವನು ಅನುಮಾನದಿಂದ ನಕ್ಷೆ ತೆಗೆದು ನೋಡಿದಾಗ, 300ರ ಎದುರಿಗೆ ಅತಿಕ್ರಮಣದ ಗುರುತು ಕಂಡಿತು. ನನ್ನ ಬಳಿಯಿರುವ ಕಾಗದ ಅದೇ ನಕ್ಷೆಯದು. ಆ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಇಂದಿಗೂ ಇದೆ.

ಸದ್ದಿಲ್ಲದೆ ಸರಿಪಡಿಸಿಬಿಡುವುದು ಅವನಿಗೆ ಸಾಧ್ಯವಿತ್ತು. ಭಾನುವಾರ ತೆಗೆದ ಟೇಪಿನಲ್ಲಿ 300ರಿಂದ 304ರವರೆಗಿನ ಸಿಲಿಂಡರುಗಳ ನಕಲಿತ್ತು. ಅದನ್ನು ಬೇರೆ ಖಾಲಿ ಜಾಗಕ್ಕೆ ಇಳಿಸಿ, ಡೈರೆಕ್ಟರಿಯ ಒಂದು ಸಾಲು ತಿದ್ದಿದರೆ ಮುಗಿಯಿತು. ಹಳೆಯ ಸಾಲು ಏನಿತ್ತೆಂದು ಯಾರೂ ಕೇಳುತ್ತಿರಲಿಲ್ಲ. ಅವನು ಹಾಗೆಯೇ ಇಳಿಸಿದ, ತಿದ್ದಿದ. ಆದರೆ ಬೆಳಗ್ಗೆ ಅವಳ ವಿಭಾಗಕ್ಕೆ ನಡೆದುಹೋಗಿ, "ಅಳಿಸಿದ್ದು ನೀವಲ್ಲ, ತಪ್ಪು ನನ್ನದು" ಎಂದು ಹೇಳಿದ. ಮೇಲಧಿಕಾರಿಗೂ ಬರೆದುಕೊಟ್ಟ. ಸೋಮವಾರದಿಂದ ಗುರುವಾರದವರೆಗಿನ ಅವಳ ಕೆಲಸ ಟೇಪಿನಲ್ಲಿರಲಿಲ್ಲ. ಅವಳ ಕೈಬರಹದ ಚೀಟಿಗಳನ್ನು ಮುಂದಿಟ್ಟುಕೊಂಡು ಎರಡು ರಾತ್ರಿ ಅವಳ ಜತೆಗೆ ಕುಳಿತು ಅರ್ಧ ಭಾಗವನ್ನು ತಾನೇ ಬೆರಳಚ್ಚು ಮಾಡಿದ. "ಅವಳಿಗೆ ನಾಲ್ಕು ದಿನದ ಕೆಲಸ ಹೋದದ್ದಕ್ಕಿಂತ, ತಾನು ದಡ್ಡಿಯಲ್ಲ ಎಂದು ತಿಳಿದದ್ದೇ ದೊಡ್ಡದಾಗಿತ್ತು ಮಾಷ್ಟ್ರೇ" ಎಂದು 1987ರಲ್ಲಿ ನಮ್ಮ ಜಗಲಿಯಲ್ಲಿ ಕುಳಿತು ಅವನು ಹೇಳಿದ್ದ.

ಇಂಥ ತಪ್ಪುಗಳನ್ನು ತಡೆಯಲು ‘ಡಿರ್‌ಮೇಂಟ್’ ಎಂಬ ಸಾಧನವಿದೆ. ಇಷ್ಟು ಸಿಲಿಂಡರು ಬೇಕೆಂದರೆ ಅದೇ ಖಾಲಿ ಜಾಗ ಹುಡುಕುತ್ತದೆ, ಅತಿಕ್ರಮಣವಾಗದಂತೆ ನೋಡಿಕೊಳ್ಳುತ್ತದೆ. ನಕಲುಮಾಡುವ ಮತ್ತು ಬಿಟ್ಟ ಜಾಗವನ್ನು ಅಳಿಸುವ ಕೆಲಸವನ್ನು ‘ಡಾಟಾಮೂವ್’ ಎಂಬ ಸಹಾಯಕನಿಗೆ ಒಪ್ಪಿಸುತ್ತದೆ. 1980ರ ದಶಕದ ಕೊನೆಗೆ ವಿಎಂ ವ್ಯವಸ್ಥೆಯಲ್ಲೂ ಕಣಜದ ಮಾದರಿಯ, ಮಿತಿಯ ಲೆಕ್ಕದ ಸಾಮೂಹಿಕ ಫೈಲು ವ್ಯವಸ್ಥೆ ಸೇರಿತು. ಆದರೂ ಮಿನಿಡಿಸ್ಕು ಸತ್ತಿಲ್ಲ. ವಿಎಂನ ವಂಶದ ಇಂದಿನ ಕುಡಿಯಾದ ಝಡ್/ವಿಎಂನಲ್ಲಿ, ಲಿನಕ್ಸ್ ಯಂತ್ರಗಳನ್ನು ನೂರಾರು ಸಂಖ್ಯೆಯಲ್ಲಿ ನಡೆಸುವ ಕಡೆ, ಡೈರೆಕ್ಟರಿಯ ಸಾಲುಗಳು ಅದೇ ರೂಪದಲ್ಲಿ ಇಂದಿಗೂ ಇವೆ. ಇಂದು ‘ಕ್ಲೌಡ್’ ಎನ್ನುವುದರ ಒಳಗೂ ಒಬ್ಬರ ದೊಡ್ಡ ಡಿಸ್ಕನ್ನು ಸಾವಿರ ಜನರಿಗೆ ಸಾವಿರ ಡಿಸ್ಕಾಗಿ ತೋರಿಸುವ ಆ ಹಳೆಯ ಉಪಾಯವೇ ಇದೆ. ನಮ್ಮ ಜಮೀನುಗಳ ಹಾಳೆಗಳೂ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ಕಂಪ್ಯೂಟರು ಸೇರಿದವು. ಕೈಬರಹದ ಪಹಣಿಗೆ ಈಗ ಬೆಲೆಯಿಲ್ಲ. ವರ್ಗವೂ ಮಿನಿಡಿಸ್ಕೂ ಕೊನೆಗೆ ಒಂದೇ ಬಗೆಯ ತಟ್ಟೆಯ ಮೇಲೆ ಬಂದು ಕುಳಿತವು.

ಇಲ್ಲಿಗೆ ಇತಿಹಾಸ ಮುಗಿಯಿತು. ಆದರೆ ಆ ಕಾಗದವನ್ನು ನಾನು ಇಷ್ಟು ವರ್ಷ ಇಟ್ಟುಕೊಂಡದ್ದೇಕೆ ಎಂಬುದನ್ನು ಶಿಷ್ಯನಿಗೆ ಮೊನ್ನೆಯ ತನಕ ಹೇಳಿರಲಿಲ್ಲ.

ನಾನೂ ಒಂದು ಡೈರೆಕ್ಟರಿ ಬರೆದವನು. ಪ್ರೌಢಶಾಲೆಯ ದಾಖಲಾತಿ ಪುಸ್ತಕ ಹಲವು ವರ್ಷ ನನ್ನ ಕೈಯಲ್ಲಿತ್ತು. 1972ರಲ್ಲಿ ಒಬ್ಬ ಹುಡುಗನ ವರ್ಗಾವಣೆ ಪತ್ರದಿಂದ ಹುಟ್ಟಿದ ತಾರೀಕನ್ನು ಎತ್ತಿ ಬರೆಯುವಾಗ, ತಿಂಗಳ ಜಾಗದಲ್ಲಿ ೯ ಇದ್ದುದನ್ನು ನಾನು ೬ ಎಂದು ಬರೆದಿದ್ದೆ. ನಮ್ಮ ಕನ್ನಡದ ಈ ಎರಡು ಅಂಕಿಗಳ ಹೋಲಿಕೆ ಎಲ್ಲರೂ ಬಲ್ಲದ್ದೇ. ಆ ತಪ್ಪು ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಯಿತು. ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ಅದು ಯಾರಿಗೂ ತೊಂದರೆ ಕೊಡಲಿಲ್ಲ. ಬಳಿಕ ಒಂದು ಸರಕಾರಿ ಕೆಲಸಕ್ಕೆ ಅವನು ಅರ್ಜಿ ಹಾಕಿದಾಗ, ಆ ಮೂರು ತಿಂಗಳಿನಿಂದ ಅವನ ವಯಸ್ಸು ಮಿತಿಯನ್ನು ದಾಟಿಹೋಗಿತ್ತು. ಪುಸ್ತಕ ನೋಡಲು ನನ್ನಲ್ಲಿಗೆ ಬಂದವನು, "ಅಪ್ಪನೇ ಅಂದು ತಪ್ಪು ಹೇಳಿರಬೇಕು ಸಾರ್" ಎಂದ. ಅವನ ತಂದೆ ಆಗ ತೀರಿಕೊಂಡಿದ್ದರು. ವರ್ಗಾವಣೆ ಪತ್ರದ ಪ್ರತಿ ಕಡತದಲ್ಲಿತ್ತು. ನಾನು ಅದನ್ನು ನೋಡಿದೆ, ನನ್ನ ಅಕ್ಷರವನ್ನೂ ನೋಡಿದೆ. "ಪುಸ್ತಕದಲ್ಲಿ ಹೀಗೇ ಇದೆಯಪ್ಪ" ಎಂದಷ್ಟೇ ಹೇಳಿ ಕಳುಹಿಸಿದೆ.

ಒಂದು ವರ್ಷದ ಬಳಿಕ ನನ್ನ ಶಿಷ್ಯ ಜಗಲಿಯಲ್ಲಿ ಕುಳಿತು 300ನೆಯ ಸಿಲಿಂಡರಿನ ಕಥೆ ಹೇಳಿದ. ಅವನಿಗಾಗ ಇಪ್ಪತ್ತೇಳು, ನನಗೆ ನಲವತ್ತೈದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರ ಆ ಹುಡುಗನ ಮನೆ ಹುಡುಕಿಕೊಂಡು ಹೋಗಿ, ಅವನ ತಾಯಿಯ ಎದುರಿಗೇ, ತಪ್ಪು ಅವರ ಯಜಮಾನರದ್ದಲ್ಲ, ನನ್ನದು ಎಂದು ಹೇಳಿದೆ. ಅಂಕಪಟ್ಟಿಯ ಬಳಿಕ ತಾರೀಕನ್ನು ತಿದ್ದಲು ನ್ಯಾಯಾಲಯಕ್ಕೇ ಹೋಗಬೇಕಿತ್ತು. ಅಲ್ಲಿ ನನ್ನ ಸಾಕ್ಷ್ಯ ಕೊಟ್ಟೆ, ತಿದ್ದುಪಡಿ ಆಯಿತು. ಕಳೆದುಹೋದ ಕೆಲಸ ಮಾತ್ರ ಮರಳಲಿಲ್ಲ. ಅದಕ್ಕೆ ಭಾನುವಾರದ ಟೇಪು ಇರಲಿಲ್ಲ. ಅವನು ಬೇರೆ ದಾರಿ ಹಿಡಿದು ಬದುಕಿದ, ನನ್ನನ್ನು ಕಂಡರೆ ಇಂದಿಗೂ ಕೈಮುಗಿಯುತ್ತಾನೆ. ಆ ಕೈಮುಗಿತ ನನಗೆ ಸುಲಭವಲ್ಲ.

ಇದನ್ನು ಕೇಳಿ ಶಿಷ್ಯ ಬಹಳ ಹೊತ್ತು ಸುಮ್ಮನಿದ್ದ. ಹೊರಗೆ ಮಳೆ ಹೊಯ್ಯುತ್ತಿತ್ತು. ಆಮೇಲೆ ಆ ಕಾಗದವನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿ ನನ್ನ ಕೈಗೆ ಕೊಟ್ಟು, "ಇದು ನಿಮ್ಮಲ್ಲೇ ಇರಲಿ ಮಾಷ್ಟ್ರೇ" ಎಂದ.